ಚಟ್ನಿಪುಡಿಗೆ ಅಂಗಿ ಹೊಲಿಸಿದ್ದು

ತಿನ್ನುವ ಪದಾರ್ಥಕ್ಕಿಂತ ಅದನ್ನು ಸುತ್ತಿದ ಕಾಗದವೇ ಹೆಚ್ಚು ಇಷ್ಟ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ನಾನು ಹೇಳುತ್ತೇನೆ, ಮುಚ್ಚಿಡುವುದೇನಿದೆ. ಚಿಕ್ಕಂದಿನಲ್ಲಿ ಯಾರಾದರೂ ಬಿಸ್ಕತ್ತು ತಂದರೆ ನನ್ನ ಕಣ್ಣು ಡಬ್ಬಿಯ ಮೇಲೆ. ಬಿಸ್ಕತ್ತನ್ನು ಬೇಗ ಬೇಗ ತಿಂದು ಮುಗಿಸಿಬಿಡುತ್ತಿದ್ದೆ. ಆಸೆಬುರುಕ ಎಂದು ಮನೆಯವರು ಬೈಯುತ್ತಿದ್ದರು. ಡಬ್ಬಿ ಬೇಗ ಖಾಲಿಯಾಗಲಿ ಎಂಬ ಒಂದೇ ಉದ್ದೇಶ ನನ್ನದು ಎಂದು ಅವರಿಗೆ ಹೇಗೆ ತಿಳಿಯಬೇಕು? ಹದಿನೆಂಟು ವರ್ಷ ತುಂಬುವ ಹೊತ್ತಿಗೆ ನನ್ನ ಬಳಿ ಒಂದು ಗೋಣಿಚೀಲದ ತುಂಬ ಚಹದ ಡಬ್ಬಿ, ಸೋಪಿನ ಕಾಗದ, ಸಿಗರೇಟಿನ ಪೆಟ್ಟಿಗೆ, ಔಷಧದ ಸೀಸೆ ಇದ್ದವು. ಶಾಲೆಯ ಇಂಗ್ಲಿಷು ನನಗೆ ಒಲಿಯಲಿಲ್ಲ. ಬಂದ ಇಂಗ್ಲಿಷೆಲ್ಲ ಈ ಗೋಣಿಚೀಲದ್ದು. ಒಮ್ಮೆ ರೈಲ್ವೆ ಸ್ಟೇಷನ್ನಿನಲ್ಲಿ ಸೂಟು ಹಾಕಿದವರೊಬ್ಬರು ಇಂಗ್ಲಿಷಿನಲ್ಲಿ 'ಹೇಗಿದ್ದೀಯಪ್ಪ' ಎಂದು ಕೇಳಿದಾಗ ನಾನೂ ಇಂಗ್ಲಿಷಿನಲ್ಲೇ 'ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ' ಎಂದು ಉತ್ತರ ಕೊಟ್ಟಿದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಇಂಥ ವಿದ್ಯೆ ಒಂದು ದಿನ ಉಪಯೋಗಕ್ಕೆ ಬಂದೇ ಬರುತ್ತದೆ ಎಂದು ನಾನು ನಂಬಿದ್ದೆ. ಬಂತು. ಜಿಲ್ಲೆ ಒಡೆದು ಬಳ್ಳಾರಿ ಅತ್ತ ಮೈಸೂರು ರಾಜ್ಯಕ್ಕೆ ಹೋಗಿ, ನಾವು ಇತ್ತ ಆಂಧ್ರದಲ್ಲಿ ಉಳಿದ ಹೊಸತು. ನಮ್ಮೂರು ಪೆದ್ದಹರಿವಾಣ. ಆದರೆ ನಾನು ಆಗ ಆದೋನಿಯಲ್ಲಿ ನನ್ನ ಅಕ್ಕ ಈರಮ್ಮನ ಮನೆಯಲ್ಲಿದ್ದೆ. ಪರೀಕ್ಷೆಗೆ ಕಟ್ಟುವುದು, ಫೇಲಾಗುವುದು, ಮತ್ತೆ ಕಟ್ಟುವುದು, ಇದು ನನ್ನ ಉದ್ಯೋಗ. ಅಕ್ಕನ ಗಂಡ ಬಸಪ್ಪ ಮಾವ ಹತ್ತಿ ಮಾರ್ಕೆಟ್ಟಿನಲ್ಲಿ ಒಬ್ಬ ದಲಾಲಿಯ ಕೈಕೆಳಗೆ ಇದ್ದ. ಅಕ್ಕ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು. ಶೇಂಗಾ ಹುರಿಯುವುದರಲ್ಲಿ ಆಕೆಗೊಂದು ಲೆಕ್ಕವಿತ್ತು. ಮೂಗಿನ ಲೆಕ್ಕ. ವಾಸನೆ ಒಂದು ಹದಕ್ಕೆ ಬಂದ ಕೂಡಲೇ ಮಾತಿನ ನಡುವೆಯೇ ಎದ್ದು ಹೋಗಿ ಬಾಣಲೆ ಇಳಿಸುತ್ತಿದ್ದಳು. ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿದ ಆ ಪುಡಿಯನ್ನು ಜೋಳದ ರೊಟ್ಟಿಯ ಮೇಲೆ ಹರವಿಕೊಂಡು ತಿಂದವರು ಪಲ್ಯ ಇದೆಯೋ ಇಲ್ಲವೋ ಎಂದು ಕೇಳುವುದನ್ನೇ ಮರೆಯುತ್ತಿದ್ದರು.

ಪುಡಿಯನ್ನು ಬಜಾರಿನ ನಾಗಪ್ಪ ಶೆಟ್ಟಿ ತನ್ನ ಅಂಗಡಿಯಲ್ಲಿ ಒಂದು ಬಾಯ್ತೆರೆದ ಡಬ್ಬಿಯಲ್ಲಿಟ್ಟು ಮಾರುತ್ತಿದ್ದ. ಯಾರ ಕೈಯದು ಎಂದು ಕೇಳಿದವರಿಗೆ 'ಮನೀದು' ಎನ್ನುತ್ತಿದ್ದ. ಸುಳ್ಳಲ್ಲ, ಒಂದು ಮನೆಯದು ಹೌದು. ಯಾರ ಮನೆ ಎಂಬುದನ್ನು ಅವನು ಹೇಳುತ್ತಿರಲಿಲ್ಲ. ಕೇಳಿದವರು ಶೆಟ್ಟಿಯ ಮನೆ ಎಂದು ತಿಳಿದರು. ಇದು ಅಕ್ಕನಿಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಗಸರು ಕೂಡಿದ್ದಾಗ ಒಬ್ಬಾಕೆ ಶೆಟ್ಟಿಯ ಹೆಂಡತಿಯ ಕೈರುಚಿಯನ್ನು ಹೊಗಳಿದಳು. ಆ ಚಟ್ನಿಪುಡಿ ಕುಟ್ಟುವ ಕೈಗೆ ಚಿನ್ನದ ಬಳೆ ಹಾಕಬೇಕು ಎಂದಳು. ಶೆಟ್ಟಿಯ ಹೆಂಡತಿ ಅಲ್ಲೇ ಇದ್ದಳು. ಬೇಡ ಅನ್ನಲಿಲ್ಲ. ಅಕ್ಕ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದಳು. ಅವತ್ತು ಒರಳು ಮಾತಾಡಲಿಲ್ಲ.

ನಾನು ಏನಾಯಿತು ಎಂದು ಮೂರು ಸಲ ಕೇಳಿದ ಮೇಲೆ ಅಕ್ಕ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು. ಅಂಗೈ ತುಂಬ ಒನಕೆಯ ಗುಳ್ಳೆ.

"ನೋಯೋದು ಈ ಕೈ. ಹೊಗಳಿಸಿಕೊಳ್ಳೋದು ಆಕಿ ಕೈ. ನನಗ ಬಳಿ ಬ್ಯಾಡೋ ತಮ್ಮಾ. ಇದು ಈರಮ್ಮ ಕುಟ್ಟಿದ್ದು ಅಂತ ನಾಕು ಮಂದಿಗೆ ಗೊತ್ತಾದ್ರ ಸಾಕು."

ಆ ಮಾತು ಕೇಳಿ ನನಗೆ ದುಃಖವಾಗಬೇಕಿತ್ತು. ಆಯಿತು ಕೂಡ. ಆದರೆ ದುಃಖದ ಹಿಂದೆಯೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಗೋಣಿಚೀಲದ ಕಡೆ ನನ್ನ ಕಣ್ಣು ಹೋಯಿತು. ನಾನು ಹುಟ್ಟಿದ್ದೇ ಈ ದಿನಕ್ಕೆ ಎನ್ನಿಸಿತು.

ಮರುದಿನ ಶೆಟ್ಟಿಯ ಅಂಗಡಿಗೆ ಹೋಗಿ ಜಗಳ ತೆಗೆಯುವ ಸಿದ್ಧತೆಯಲ್ಲಿದ್ದೆ. ಶೆಟ್ಟಿ ಜಗಳಕ್ಕೆ ಸಿಗುವ ಆಸಾಮಿಯಲ್ಲ. ಶಾಂತವಾಗಿ, ತೆರೆದ ಡಬ್ಬಿಯ ಪುಡಿಯ ಮೇಲೆ ಹೆಸರು ಹೇಗೆ ಬರೆಯಲಿ, ನೀನೇ ಹೇಳು ಅಬ್ಬಾಯಿ ಎಂದ. ಅವನಿಗೆ ಊರಿನ ಹುಡುಗರೆಲ್ಲ ತೆಲುಗಿನ 'ಅಬ್ಬಾಯಿ'ಗಳೇ. ಹೆಸರು ಬೇಕಿದ್ದರೆ ಹೆಸರಿರುವ ಪೊಟ್ಟಣ ಮಾಡಿಕೊಂಡು ಬಾ, ಮುಂದಿನ ಸಾಲಿನಲ್ಲಿಡುತ್ತೇನೆ, ಜನ ತಗೊಂಡರೆ ನನಗೂ ಸಂತೋಷ, ತಗೊಳ್ಳದಿದ್ದರೆ ಮತ್ತೆ ನನ್ನ ಡಬ್ಬಿ, ನನ್ನ ಮಾತು ಎಂದೂ ಸೇರಿಸಿದ. ನಾನು ಅವನ ಕೈ ಕುಲುಕಿದೆ. ಅಂಗಡಿಕಾರರ ಕೈ ಕುಲುಕುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಅವನು ಕೈಯಲ್ಲಿ ಏನಾದರೂ ಕೊಟ್ಟೆನೋ ಎಂದು ತೆರೆದು ನೋಡಿಕೊಂಡ.

ನನ್ನ ಮೊದಲ ಕನಸು ತಗಡಿನ ಡಬ್ಬಿ. ಉಬ್ಬಿದ ಅಕ್ಷರ, ಚಿನ್ನದ ಬಣ್ಣದ ಅಂಚು, ಮುಚ್ಚಳ ತೆಗೆದರೆ 'ಟಪ್' ಅನ್ನಬೇಕು. ತಗಡಿನ ಕೆಲಸದವನಿಗೆ ಚಿತ್ರ ಬರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಇಷ್ಟು ಸಣ್ಣ ಸೀಮೆಎಣ್ಣೆ ಡಬ್ಬಿ ಯಾರಿಗೆ ಎಂದ. ಅಲ್ಲಿಗೆ ಕನಸು ತಗಡಿನಿಂದ ಕಾಗದಕ್ಕೆ ಇಳಿಯಿತು. ಬಜಾರಿನ ಹಿಂದಿನ ಸಂದಿಯಲ್ಲಿ ಮದುವೆ ಪತ್ರಿಕೆ ಮುದ್ರಿಸುವ ಒಂದು ಪುಟ್ಟ ಪ್ರೆಸ್ಸಿತ್ತು. ಅಲ್ಲಿ ಸಿದ್ಧವಾಗಿದ್ದ ಅಚ್ಚುಗಳು ಎರಡೇ: ಲಗ್ನಪತ್ರಿಕೆಗೆ ಲಕ್ಷ್ಮಿ, ನಾಟಕದ ಕರಪತ್ರಕ್ಕೆ ಗದೆ ಹಿಡಿದ ಭೀಮ. ಭೀಮನನ್ನು ನೋಡಿದರೆ ಹೊಟ್ಟೆಬಾಕತನದ ನೆನಪು ಬರುತ್ತದೆ, ಅದು ವ್ಯಾಪಾರಕ್ಕೆ ಒಳ್ಳೆಯದೇ ಎಂದು ಪ್ರೆಸ್ಸಿನವರು ವಾದಿಸಿದರು. ನಾನು ಒಪ್ಪಲಿಲ್ಲ. ಕಮಲದ ಮೇಲೆ ಕೂತ ಲಕ್ಷ್ಮಿ, ಎರಡೂ ಕಡೆ ಆನೆ, ಕೆಂಪು ಶಾಯಿ, ಹಳದಿ ಕಾಗದ. ಮೊದಲ ಪೊಟ್ಟಣ ಕೈಗೆ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನಂಬಬೇಕು.

ಅಕ್ಕ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದಳು. ಆಮೇಲೆ ಮೆಲ್ಲಗೆ, ನನ್ನ ಹೆಸರು ಎಲ್ಲೈತಿ ಎಂದು ಕೇಳಿದಳು. ನಾನು ತೋರಿಸಿದೆ. ಕಮಲದ ಕೆಳಗೆ, ನೀರಿನ ಅಲೆಗಳ ಕೆಳಗೆ, ಇರುವೆಸಾಲಿನಂತೆ ಇತ್ತು. ಆನೆಗಳಿಗೆ ಜಾಗ ಕೊಟ್ಟ ಮೇಲೆ ಉಳಿದದ್ದು ಅಷ್ಟೇ ಎಂದು ವಿವರಿಸಿದೆ. ಅಕ್ಕ, ಆನೆ ಇಲ್ಲದಿದ್ರ ಆಗ್ತಿರಲಿಲ್ಲೇನು ಎಂದು ಮಾತ್ರ ಕೇಳಿ ಒಳಗೆ ಹೋದಳು. ಕಲಾವಿದರಿಗೆ ಮನೆಯವರಿಂದಲೇ ಮೊದಲ ಪೆಟ್ಟು ಎಂದುಕೊಂಡೆ.

ಆದರೆ ಶುಕ್ರವಾರ ಬೆಳಿಗ್ಗೆ ಶೆಟ್ಟಿಯ ಅಂಗಡಿಯಲ್ಲಿಟ್ಟ ಎರಡು ಡಜನ್ ಪೊಟ್ಟಣ ಮಧ್ಯಾಹ್ನದೊಳಗೆ ಖಾಲಿ. ಹೆಂಗಸರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದರಂತೆ. ನಾನು ಬಜಾರಿನಲ್ಲಿ ಎದೆ ಸೆಟೆಸಿ ನಡೆದೆ. ಒಬ್ಬರೂ ರುಚಿ ಕೇಳಲಿಲ್ಲ ಎಂದು ಶೆಟ್ಟಿ ಅನುಮಾನದ ದನಿಯಲ್ಲಿ ಹೇಳಿದಾಗಲಾದರೂ ನನಗೆ ಎಚ್ಚರವಾಗಬೇಕಿತ್ತು. ನಮ್ಮ ಕಡೆ ಅಂಗೈ ಮೇಲೆ ಒಂದು ಚಿಟಿಕೆ ಹಾಕಿಸಿಕೊಂಡು ನೆಕ್ಕದೆ ಉಪ್ಪನ್ನೂ ಕೊಳ್ಳುವುದಿಲ್ಲ. ರುಚಿ ಕೇಳದೆ ಕೊಂಡರೆ ಅವರು ತಿನ್ನಲಿಕ್ಕೆ ಕೊಂಡದ್ದಲ್ಲ ಎಂದೇ ಅರ್ಥ. ನಾನು ಮಾತ್ರ ಅದನ್ನು ನನ್ನ ಕಲೆಯ ಗೆಲುವು ಎಂದು ಓದಿಕೊಂಡೆ.

ಒಂದು ವಾರವಾಯಿತು. ಇನ್ನೊಂದು ಬೇಕು ಎಂದು ಯಾರೂ ಬರಲಿಲ್ಲ. ಹತ್ತನೆಯ ದಿನ ಪಕ್ಕದ ಓಣಿಯಲ್ಲಿ ಗದ್ದಲ. ಅಲ್ಲಿಯ ಒಂದು ಮನೆಯ ಅಜ್ಜಿ 'ಅಮ್ಮವಾರಿಕಿ ಚೆಮಟ ಪಟ್ಟಿಂದಿ' ಎಂದು ತೆಲುಗಿನಲ್ಲಿ ಕೂಗುತ್ತಿದ್ದಳು, ದೇವಿಗೆ ಬೆವರು ಬಂದಿದೆ ಎಂದು. ಜನ ಸೇರಿದರು. ಅಕ್ಕನೂ ನಾನೂ ಹೋದೆವು. ದೇವರ ಗೂಡಿನಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೂವು ಮುಡಿಸಿಕೊಂಡು, ದೀಪದ ಮುಂದೆ ನಮ್ಮ ಪೊಟ್ಟಣ ಕೂತಿತ್ತು. ದೀಪದ ಶಾಖಕ್ಕೆ ಶೇಂಗಾದ ಎಣ್ಣೆ ಕಾಗದದ ಮೂಲಕ ಜಿನುಗಿ, ಲಕ್ಷ್ಮಿಯ ಹಣೆಯ ಮೇಲೆ ಸಣ್ಣ ಸಣ್ಣ ಹನಿ ಹೊಳೆಯುತ್ತಿದ್ದವು. ಒಬ್ಬರು ಕೈಮುಗಿದರು. ಇನ್ನೊಬ್ಬರು ಮಳೆ ಬರುವ ಲಕ್ಷಣ ಎಂದರು. ಅಕ್ಕ ಮೂಗಿನ ಲೆಕ್ಕದವಳು, ಒಂದು ಉಸಿರಿನಲ್ಲಿ ಎಲ್ಲ ತಿಳಿದುಕೊಂಡಳು. ಅಜ್ಜಿಯ ಸೊಸೆಗೂ ಅದೇ ಹೊತ್ತಿಗೆ ವಾಸನೆ ತಿಳಿಯಿತು. ಆ ಮನೆಯಲ್ಲಿ ಅಡುಗೆಗೇ ಬೆಳ್ಳುಳ್ಳಿ ಹಾಕುವವರಲ್ಲ. ಹತ್ತು ದಿನದಿಂದ ದೇವರ ಗೂಡಿನಲ್ಲಿ ಬೆಳ್ಳುಳ್ಳಿಗೆ ಮಂಗಳಾರತಿ ಆಗುತ್ತಿತ್ತು.

ಮುಂದಿನದನ್ನು ಹೇಳದಿದ್ದರೂ ನಡೆಯುತ್ತದೆ. ಓಣಿ ಓಣಿಯಿಂದ ಪೊಟ್ಟಣಗಳು ಶೆಟ್ಟಿಯ ಅಂಗಡಿಗೆ ಮೆರವಣಿಗೆಯಲ್ಲಿ ವಾಪಸು ಬಂದವು. ಒಂದನ್ನೂ ಯಾರೂ ಹರಿದಿರಲಿಲ್ಲ. ದೇವಿಯ ಮುಖ ಹರಿಯುವುದು ಹೇಗೆ? ಬೆಳ್ಳುಳ್ಳಿ ತಿನ್ನುವ ಮನೆಯವರು ಕೂಡ ಹರಿಯಲು ಮನಸ್ಸು ಬಾರದೆ ಹಾಗೇ ಗೋಡೆಗೆ ತೂಗುಹಾಕಿಕೊಂಡಿದ್ದರು. ಶೆಟ್ಟಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಬರುವ ಸಂತೆಯವರೆಗೆ ನೋಡುತ್ತೇನೆ ಅಬ್ಬಾಯಿ, ಆಮೇಲೆ ನನ್ನ ಡಬ್ಬಿಯೇ, ತೊಳೆದು ಇಟ್ಟಿದ್ದೇನೆ ಎಂದ. ಸಂತೆಗೆ ಆರು ದಿನ ಇತ್ತು.

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ವಾಪಸು ಬಂದ ಪೊಟ್ಟಣಗಳನ್ನು ಮುಂದಿಟ್ಟುಕೊಂಡು ಕೂತು, "ಎರಡು ಡಜನ್ ಮನಿಗೆ ಹೋತು, ಒಬ್ಬರ ನಾಲಿಗಿಗೂ ಹತ್ತಲಿಲ್ಲ. ಡಬ್ಬಿಗೇ ಹಾಕಿ ಕಳಿಸ್ತೀನಿ ಬಿಡೋ. ಹೆಸರಿಲ್ಲದಿದ್ರೂ ತಿಂತಿದ್ರಲ್ಲ" ಎಂದಳು. ನನ್ನ ಹದಿನೆಂಟು ವರ್ಷದ ವಿದ್ಯೆ ಅಲ್ಲಿಗೆ ಮಣ್ಣುಪಾಲು. ಗೋಣಿಚೀಲವನ್ನು ಬಾವಿಗೆ ಎಸೆಯೋಣ ಎಂದುಕೊಂಡೆ. ಬಾವಿಯ ನೀರು ಕುಡಿಯುವವರ ಬಗ್ಗೆ ಯೋಚಿಸಿ ಬಿಟ್ಟೆ.

ಮನೆಯಲ್ಲಿ ಕೂರಲಾರದೆ ಮರುದಿನ ಬಸಪ್ಪ ಮಾವನ ಹಿಂದೆ ಹತ್ತಿ ಮಾರ್ಕೆಟ್ಟಿಗೆ ಹೋದೆ. ಸುಗ್ಗಿ. ಕೌತಾಳದ ಕಡೆಯಿಂದ ಬಂದ ಬಂಡಿಗಳು ಸಾಲುಗಟ್ಟಿದ್ದವು. ಒಂದೊಂದು ಬಂಡಿಯ ಮೇಲೂ ಆನೆಮರಿಯಂತೆ ಉಬ್ಬಿದ ಹತ್ತಿಯ ದೊಡ್ಡ ಚೀಲ, ಅಂಡಿಗೆ. ಮಾವ ಮಾಡುವ ಕೆಲಸವನ್ನು ನಾನು ನೂರು ಸಲ ನೋಡಿದ್ದೆ, ಆದರೆ ನೋಡಿರಲಿಲ್ಲ. ಅಂಡಿಗೆಯ ಬಾಯಿ ಹೊಲಿದದ್ದು ಹೊಲಿದಂತೆಯೇ ಇರುತ್ತದೆ. ಮಾವ ಪಕ್ಕೆಯಲ್ಲಿ ಹೊಲಿಗೆ ಸ್ವಲ್ಪ ಸಡಿಲಿಸಿ, ಎರಡು ಬೆರಳು ಒಳಗೆ ಹಾಕಿ, ಒಂದು ಹಿಡಿ ಹತ್ತಿ ಎಳೆಯುತ್ತಾನೆ. ಅದನ್ನು ಬೆರಳುಗಳ ನಡುವೆ ಎಳೆದು ಎಳೆದು ಎಳೆಯ ಉದ್ದ ನೋಡುತ್ತಾನೆ. ಖರೀದಿದಾರನೂ ನೋಡುತ್ತಾನೆ. ಮಾತು ಮುಗಿಯಿತು, ಹೊಲಿಗೆ ಮತ್ತೆ ಬಿಗಿ. ಅವತ್ತು ಯಾರೋ ಹೊಸಬನೊಬ್ಬ ಬೇರೆ ಅಂಡಿಗೆಯ ಮಾದರಿಯನ್ನು ತಟ್ಟೆಯಲ್ಲಿಟ್ಟು ತೋರಿಸಲು ಹೋದ. ಖರೀದಿದಾರ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

ಮಾವ ನನಗೆ ಹೇಳಿದ: "ಯಾವ್ದು ಕೊಳ್ತಾನೋ ಅದರ ಹೊಟ್ಯಾಗಿಂದಾನೇ ತೆಗೀಬೇಕು ನೋಡು. ಮುಚ್ಚಿದ್ದನ್ನ ಮನಿಷಾ ನಂಬಂಗಿಲ್ಲ. ತೆರೆದದ್ದಕ್ಕ ಹೆಸರಿರಂಗಿಲ್ಲ. ಅದಕ್ಕ ಪಕ್ಕಿಯಾಗ ಒಂದು ಕಿಂಡಿ."

ಮಾವ ಹತ್ತಿಯ ಮಾತು ಹೇಳುತ್ತಿದ್ದ. ನನಗೆ ಚಟ್ನಿಪುಡಿ ಕೇಳಿಸಿತು. ಅಲ್ಲಿಂದ ಓಡಿದವನು ನಿಂತದ್ದು ಖಾಸಿಂ ಸಾಬರ ಹೊಲಿಗೆ ಮಷೀನಿನ ಮುಂದೆ. ಗೇಣುದ್ದದ ಚೀಲ ಬೇಕು, ದಪ್ಪ ಬಿಳಿ ಮಾದರಪಾಟು ಬಟ್ಟೆಯದು, ತಲೆ ಹೊಲಿದಿರಬೇಕು, ಪಕ್ಕೆಯಲ್ಲಿ ಎರಡು ಬೆರಳು ಹೋಗುವಷ್ಟು ಬಾಯಿ, ಆ ಬಾಯಿಗೊಂದು ದಾರ ಎಂದೆ. ಖಾಸಿಂ ಸಾಬರು ಕನ್ನಡಕದ ಮೇಲಿಂದ ನೋಡಿದರು. ಇದು ಯಾರಿಗೆ ಎಂದರು. ಚಟ್ನಿಪುಡಿಗೆ ಎಂದೆ.

"ಜಿಂದಗೀ ಭರ್ ಮನಷ್ಯಾರಿಗೆ ಅಂಗಿ ಹೊಲದೀನಿ ಮಿಯಾ. ಚಟ್ನಿಗೆ ಇದೇ ಪಹಲಾ. ನಾಪ್ ತಗೊಳ್ಳಾಕ ಕರಕೊಂಡು ಬಂದೀಯೇನು?"

ಹೊಲಿದರು. ಅಳತೆಗೆ ಅಂತ ತಂದ ಪುಡಿಯಲ್ಲಿ ಅರ್ಧ ಅವರೇ ತಿಂದರು ಎಂಬುದು ಬೇರೆ ಮಾತು. ಹೆಸರಿಗೆ ಈ ಸಲ ಪ್ರೆಸ್ಸಿನ ಕಡೆ ಸುಳಿಯಲಿಲ್ಲ. ಅದುಮಿ ಕಟ್ಟಿದ ಹತ್ತಿಯ ಬೇಲುಗಳ ಮೇಲೆ ತಗಡಿನ ಅಚ್ಚಿಟ್ಟು ಕಪ್ಪು ಬಣ್ಣ ಬಳಿಯುವವನೊಬ್ಬನಿದ್ದ. ಅವನಿಂದ 'ಈರಮ್ಮ' ಎಂದು ಮೂರೇ ಅಕ್ಷರ ಕತ್ತರಿಸಿಕೊಂಡೆ. ಆನೆ ಇಲ್ಲ, ಕಮಲ ಇಲ್ಲ. ಚೀಲದ ಅರ್ಧ ಮೈ ತುಂಬ ಹೆಸರು. ಬೇಲುಗಳಿಗೆ ಗುರುತು ಹಾಕಿ ರೂಢಿಯಾದವನು ಒಂದು ಚೀಲದ ಮೇಲೆ ಹೆಸರಿನ ಕೆಳಗೆ ಕೊಕ್ಕೆ ಹಾಕಬೇಡಿ ಎಂಬ ಗುರುತನ್ನೂ ಒತ್ತಿಬಿಟ್ಟ. ಅದನ್ನು ನಾನೇ ಇಟ್ಟುಕೊಂಡೆ.

ಅಕ್ಕ ಚೀಲ ನೋಡಿದಳು. ಹೆಸರಿನ ಮೇಲೆ ಒಂದೊಂದು ಅಕ್ಷರಕ್ಕೂ ಬೆರಳು ಆಡಿಸಿದಳು. ಆಕೆಗೆ ಓದು ಅಷ್ಟಕ್ಕಷ್ಟೆ, ಆದರೆ ಈ ಸಲ ಹೆಸರು ಎಲ್ಲಿದೆ ಎಂದು ಕೇಳಲಿಲ್ಲ. ಬಟ್ಟೆಗೆ ಎಣ್ಣೆ ಇಳಿಯುತ್ತದಲ್ಲ ಎಂಬ ನನ್ನ ಭಯವನ್ನು ಹೇಳಿದೆ. ಅಕ್ಕ ನಕ್ಕಳು. ಶೇಂಗಾ ಬೆಳೆಯುವ ಮಂದಿ ಎಣ್ಣೆ ಕಂಡರೆ ಹೆದರುತ್ತಾರೇನು, ಒಣಗಿದ್ದು ಕಂಡರೆ ಹೆದರುತ್ತಾರೆ ಎಂದಳು. ಆಮೇಲೆ ತೂಗಿ ತುಂಬಿದ ಒಂದೊಂದು ಚೀಲಕ್ಕೂ ಮೇಲೊಂದು ಚಿಟಿಕೆ ಹಾಕತೊಡಗಿದಳು. ಅದು ರುಚಿ ನೋಡುವವರ ಪಾಲು, ಕೊಂಡವರ ತೂಕದಲ್ಲಿ ಕಡಿಮೆಯಾಗಬಾರದು ಎಂದಳು. ಇಷ್ಟು ದೊಡ್ಡ ವಿಷಯ ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು ಎಂದು ಆಮೇಲೆ ಬಹಳ ಜನರ ಮುಂದೆ ಹೇಳಿದ್ದೇನೆ.

ಸಂತೆಯ ದಿನ ಅಕ್ಕನೂ ಬಂದಳು. ಬರುವುದಿಲ್ಲ ಎಂದವಳು ಸೀರೆ ಬದಲಿಸಿಕೊಂಡು ನನಗಿಂತ ಮುಂಚೆ ಹೊರಟು ನಿಂತಿದ್ದಳು. ಅಂಗಡಿಯ ಪಕ್ಕದ ಬೆಲ್ಲದ ಮೂಟೆಗಳ ಹಿಂದೆ ಸೆರಗು ಹೊದ್ದು ಕೂತಳು. ಶೆಟ್ಟಿ ಚೀಲಗಳನ್ನು ಮುಂದಿನ ಸಾಲಿನಲ್ಲಿಟ್ಟ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಹಿಂದೆ ತೊಳೆದ ಡಬ್ಬಿಯೂ ಕಾಯುತ್ತಿತ್ತು. ಒಂದು ತಾಸು ಯಾರೂ ಮುಟ್ಟಲಿಲ್ಲ. ಒಬ್ಬಾತ ಇದೇನು ದಿಂಬೇ ಎಂದು ಕೇಳಿ ಹೋದ. ನಾನು ಚೀಲಗಳನ್ನು ಒಂದಿಷ್ಟು ಮುಂದೆ ಸರಿಸಿದೆ.

ಆಗ ಬಂದಳು ನಾಗಲದಿನ್ನೆಯ ಕಡೆಯ ಒಬ್ಬ ಹೆಂಗಸು. ಕುರಿ ಮಾರಿ ಬಂದಿದ್ದಳು. ಹೆಗಲ ಮೇಲೆ ಕಂಬಳಿ, ಹಣೆಯ ಮೇಲೆ ಕಾಸಿನಷ್ಟು ಕುಂಕುಮ, ಸಂತೆಯನ್ನೇ ಕೊಳ್ಳುವವಳಂತೆ ನಿಂತಳು. ಶೆಟ್ಟಿ ಚೀಲ ಮುಂದೆ ಮಾಡಿದ.

"ಮುಚ್ಚಿದ್ದು ನನಗ ತೋರಸಬ್ಯಾಡ ಶೆಟ್ಟಿ. ಒಳಗ ಪುಡಿ ಐತೋ ಬೂದಿ ಐತೋ ನಾ ಏನು ಕಂಡೀನಿ?"

ಶೆಟ್ಟಿ ಪಕ್ಕೆಯ ದಾರ ಎಳೆದ. ಅವಳು ಹುಬ್ಬು ಏರಿಸಿದಳು. ಎರಡು ಬೆರಳು ಒಳಗೆ ಹಾಕಿ ಒಂದು ಚಿಟಿಕೆ ತೆಗೆದು ಅಂಗೈ ಮೇಲಿಟ್ಟುಕೊಂಡಳು. ಬೆರಳಿಂದ ಉಜ್ಜಿ ಎಣ್ಣೆ ನೋಡಿದಳು. ಬಾಯಿಗೆ ಹಾಕಿದಳು. ಕಣ್ಣು ಮುಚ್ಚಿದಳು. ನಾನು ಉಸಿರು ಬಿಡಲಿಲ್ಲ. ಬೆಲ್ಲದ ಮೂಟೆಗಳ ಹಿಂದೆಯೂ ಯಾರೂ ಉಸಿರು ಬಿಡಲಿಲ್ಲ. ಅವಳು ಕಣ್ಣು ತೆರೆದು, ಸೊಂಟದ ಗಂಟಿಗೆ ಕೈ ಹಾಕುತ್ತಲೇ ಕೇಳಿದಳು:

"ಯಾರ ಕೈದು ಇದು?"

ಶೆಟ್ಟಿ ಚೀಲದ ಕಡೆ ನೋಡಿದ. ಅರ್ಧ ಚೀಲ ತುಂಬ ಕಪ್ಪಗೆ ಬರೆದಿದ್ದಾಗ 'ಮನೀದು' ಎನ್ನುವುದು ಹೇಗೆ? "ಈರಮ್ಮಂದು" ಎಂದ.

"ಯಾವ ಈರಮ್ಮ?"

ಮೂಟೆಗಳ ಹಿಂದಿನಿಂದ ಅಕ್ಕ ಎದ್ದು ನಿಂತಳು. ಸೆರಗಿಗೆ ಬೆಲ್ಲ ಅಂಟಿತ್ತು. "ನಾನ" ಎಂದಳು. ಅಷ್ಟೇ. ಆ ಹೆಂಗಸು ಅಕ್ಕನ ಬಲಗೈ ಹಿಡಿದು, ಅಂಗೈ ತಿರುಗಿಸಿ, ಗುಳ್ಳೆಗಳನ್ನು ನೋಡಿ, ಹತ್ತಿ ನೋಡುವ ದಲಾಲಿಯ ಹಾಗೆ ತಲೆಯಾಡಿಸಿದಳು. "ಹೂಂ, ಖರೇ ಐತಿ" ಎಂದು ಶೆಟ್ಟಿಗೆ ಹೇಳಿ ಐದು ಚೀಲ ತೆಗೆದುಕೊಂಡಳು. ಅವಳ ಹಿಂದೆ ನಿಂತವರೆಲ್ಲ ಬೆರಳು ಮುಂದೆ ಚಾಚಿದರು. ಸಂತೆ ಮುಗಿಯುವ ಮೊದಲು ಶೆಟ್ಟಿ ತೊಳೆದಿಟ್ಟ ಡಬ್ಬಿಗೆ ಸಾಸಿವೆ ತುಂಬಿದ.

ಗೆಲುವು ಅಲ್ಲಿಗೆ ನಿಲ್ಲಲಿಲ್ಲ. ಖಾಲಿಯಾದ ಚೀಲವನ್ನು ಯಾರೂ ಎಸೆಯಲಿಲ್ಲ. ಅಷ್ಟು ಗಟ್ಟಿ ಬಟ್ಟೆಯನ್ನು ಎಸೆಯುವಷ್ಟು ದಡ್ಡರು ನಮ್ಮ ಕಡೆ ಇಲ್ಲ. ತೊಳೆದು ಎಲೆಅಡಿಕೆಗೆ, ತಂಬಾಕಿಗೆ, ಬೀಜಕ್ಕೆ ಇಟ್ಟುಕೊಂಡರು. ವರ್ಷ ತುಂಬುವುದರೊಳಗೆ ತುಂಗಭದ್ರೆಯ ದಂಡೆಯವರೆಗೂ ಜನರ ಸೊಂಟದಲ್ಲಿ 'ಈರಮ್ಮ' ಓಡಾಡುತ್ತಿದ್ದಳು. ಬಸ್ಸಿನಲ್ಲಿ ಒಬ್ಬ ಪಕ್ಕದವನಿಗೆ ಅಡಿಕೆ ಕೊಡಲು ಚೀಲ ತೆಗೆದರೆ ಅಲ್ಲೊಂದು ಜಾಹೀರಾತು. ಕನ್ನಡ ಬಾರದವರೂ ಆ ಕಪ್ಪು ಗುರುತು ನೋಡಿಯೇ ಪುಡಿ ಕೇಳುತ್ತಿದ್ದರು. ಶೆಟ್ಟಿಯ ಹೆಂಡತಿ ಸ್ವತಃ ನಮ್ಮ ಮನೆಗೆ ಬಂದು, ಶೇಂಗಾ ಎಷ್ಟು ಹುರಿಯಬೇಕು ಈರಕ್ಕ ಎಂದು ಕೇಳಿ ಹೋದಳು. ಅಕ್ಕ ಎಲ್ಲ ಹೇಳಿಕೊಟ್ಟಳು, ಮೂಗೊಂದನ್ನು ಬಿಟ್ಟು.

ಇಷ್ಟೆಲ್ಲಕ್ಕೆ ಕಾರಣನಾದ ಮೇಧಾವಿಗೂ ಮದುವೆಯ ವಯಸ್ಸಾಯಿತು. ಕೌತಾಳದಲ್ಲಿ ಹೆಣ್ಣು ನೋಡಲು ಹೋದೆವು. ಮಾತಿನ ನಡುವೆ ಹುಡುಗಿಯ ತಂದೆ ಎಲೆಅಡಿಕೆಗೆಂದು ಸೊಂಟದಿಂದ ಚೀಲ ತೆಗೆದರು. ನಮ್ಮದೇ. ನನ್ನ ಎದೆ ಉಬ್ಬಿತು. ಪಕ್ಕೆಯಲ್ಲಿ ಬಾಯಿಡುವ ಆಲೋಚನೆ ನನ್ನದು ಎಂದು ಶುರುಮಾಡಿ, ತಗಡು, ಕಾಗದ, ಮಾದರಪಾಟು ಎಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಅಡಿಕೆ ಬಾಯಿಗೆ ಹಾಕಿಕೊಂಡು, ನನ್ನನ್ನು ಬಿಟ್ಟು ಬಸಪ್ಪ ಮಾವನ ಕಡೆ ತಿರುಗಿ ಹೇಳಿದರು: "ಹುಡುಗ ಭಾಳ ಮಾತಾಡ್ತಾನ. ಇರಲಿ. ಈರಮ್ಮನ ತಮ್ಮ ಅಂದ ಮ್ಯಾಲ ಮತ್ತೇನು ವಿಚಾರಿಸೋದೈತಿ?"

ಮದುವೆಯಾಯಿತು. ಹೆಂಡತಿಯ ಊರಿನಲ್ಲಿ ಇವತ್ತಿಗೂ ನಾನು ಈರಮ್ಮನ ತಮ್ಮ. ಆದೋನಿಯ ಬಜಾರಿನಲ್ಲಿ ಈರಮ್ಮನ ತಮ್ಮ. ಅಂಚೆಯವನು ನನ್ನ ಹೆಸರಿಗೆ ಬಂದ ಕಾಗದವನ್ನು, ಇಂಥವರು ಇಲ್ಲಿ ಯಾರೂ ಇಲ್ಲ ಎಂದು ಎರಡು ಸಲ ವಾಪಸು ಕಳಿಸಿದ್ದಾನೆ. ಅಕ್ಕನ ಹೆಸರು ನಾಲ್ಕು ಮಂದಿಗೆ ಗೊತ್ತಾಗಲಿ ಎಂದು ಹೊರಟವನು ನಾನು, ಕೆಲಸವನ್ನು ತುಸು ಹೆಚ್ಚೇ ಚೆನ್ನಾಗಿ ಮಾಡಿಬಿಟ್ಟೆ. ದೂರುತ್ತಿಲ್ಲ. ಇಷ್ಟು ಹೊತ್ತು ಓದಿದ ನೀವು ಕೂಡ ನನ್ನ ಹೆಸರೇನು ಎಂದು ಒಮ್ಮೆಯೂ ಕೇಳಲಿಲ್ಲ, ನೋಡಿ.